ಬೆಂಕಿ ಕಳೆದುಕೊಂಡ ಮುದುಕ: ಒಂದು ಕ್ಯಾನ್ವಾಸ್ ಪ್ರಿಂಟ್ ತರಿಸಿದ ಅನುಭವ

ನಾಲ್ಕು ತಿಂಗಳ ಹಿಂದೆ ಆನ್‌ಲೈನ್‌ನಲ್ಲಿ ತರಿಸಿದ ಪ್ರಿಂಟ್ ಇದು. ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ 1890ರಲ್ಲಿ ಬರೆದ 'ಅಟ್ ಎಟರ್ನಿಟೀಸ್ ಗೇಟ್', ಅಂದರೆ ಅನಂತದ ಬಾಗಿಲಲ್ಲಿ. ನೀಲಿ ಬಟ್ಟೆಯ ಬೋಳುತಲೆ ಮುದುಕನೊಬ್ಬ ಕುರ್ಚಿಯಲ್ಲಿ ಕೂತು, ಎರಡೂ ಮುಷ್ಟಿಯನ್ನು ಮುಖಕ್ಕೆ ಒತ್ತಿಕೊಂಡಿದ್ದಾನೆ. ನಾನು ಇದನ್ನೇ ಯಾಕೆ ಆರಿಸಿದೆ ಅಂತ ಹೇಳೋಕೆ ಸ್ವಲ್ಪ ನಾಚಿಕೆ. ಆ ನೀಲಿ ನಮ್ಮ ಸೋಫಾಗೆ ಹೊಂದುತ್ತಿತ್ತು, ಅಷ್ಟೇ.

ಪ್ಯಾಕಿಂಗ್ ಚೆನ್ನಾಗಿತ್ತು. ಹೇಳಿದ ದಿನವೇ ಬಂತು. ಕ್ಯಾನ್ವಾಸ್ ದಪ್ಪಗಿದೆ, ಫ್ರೇಮ್ ಹಗುರ. ಹಾಲ್‌ನಲ್ಲಿ ಮೊಳೆ ಹೊಡೆದು ನೇತುಹಾಕಿದೆ, ಫೋಟೊ ತೆಗೆದೆ, ಐದು ಸ್ಟಾರ್ ಕೊಟ್ಟೆ. ಆ ರಿವ್ಯೂ ಈಗ ಅಳಿಸಿದ್ದೇನೆ.

ಆಮೇಲೆ ಅಮ್ಮ ನಮ್ಮ ಜೊತೆ ಇರೋಕೆ ಬಂದಳು. ವಾರ ಕಳೆದ ಮೇಲೆ ಒಂದು ಸಂಜೆ ಕೇಳಿದಳು, "ಅಂಚಲ್ಲಿ ಕೆಂಪಗೆ ಏನೋ ಇದೆಯಲ್ಲ, ಏನೇ ಅದು?" ಎಡಗಡೆ ಬೆರಳಗಲದ ಒಂದು ಕಿತ್ತಳೆ ಗೆರೆ. ಪ್ರಿಂಟ್ ಮಾಡುವಾಗ ಬಣ್ಣ ಹತ್ತಿಕೊಂಡಿರಬೇಕು ಅಂದುಬಿಟ್ಟೆ. ಅವಳು ಒಪ್ಪಲಿಲ್ಲ. ರಾತ್ರಿ ಮೂಲ ಚಿತ್ರವನ್ನು ಹುಡುಕಿ ನೋಡಿದೆ. ಅದು ಬೆಂಕಿ! ಮುದುಕನ ಪಕ್ಕದಲ್ಲಿ ಒಲೆ ಉರಿಯುತ್ತಿದೆ. ನಮ್ಮ ಗೋಡೆಯ ಮೇಲಿದ್ದವನಿಗೆ ಅದನ್ನು ಕತ್ತರಿಸಿ ಕಳಿಸಿದ್ದರು.

ಲೆಕ್ಕ ಸುಲಭ. ಮೂಲ ಚಿತ್ರ ಸುಮಾರು 80 ಸೆಂಟಿಮೀಟರ್ ಎತ್ತರ, 65 ಅಗಲ. ಇವರು ಮಾರುವುದು 60ಕ್ಕೆ 40ರ ಫ್ರೇಮ್. ಎತ್ತರ 60 ಆದರೆ ಅಗಲ 49ರ ಹತ್ತಿರ ಇರಬೇಕು. ಉಳಿದ ಒಂಬತ್ತು ಸೆಂಟಿಮೀಟರ್ ಎಲ್ಲಿಂದಲೋ ಹೋಗಲೇಬೇಕಲ್ವಾ? ಎರಡೂ ಬದಿ ಕತ್ತರಿಸುತ್ತಾರೆ. ಬೇರೆ ಚಿತ್ರವಾಗಿದ್ದರೆ ಒಂದು ಮರ, ಒಂದಿಷ್ಟು ಆಕಾಶ ಹೋಗುತ್ತಿತ್ತು. ಇಲ್ಲಿ ಅವನ ಚಳಿಗೆ ಇದ್ದದ್ದೇ ಹೋಯಿತು.

ಹುಡುಕುತ್ತಾ ಇನ್ನಷ್ಟು ಓದಿದೆ. ಈ ಭಂಗಿ 1890ರದ್ದಲ್ಲ. 1882ರಲ್ಲಿ, 29ನೇ ವಯಸ್ಸಿನಲ್ಲಿ, ವ್ಯಾನ್ ಗೋ ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿದ್ದಾಗ ಬರೆದು, ಕಲ್ಲಚ್ಚಿನಲ್ಲಿ (ಕಲ್ಲಿನ ಮೇಲಿನ ಚಿತ್ರದಿಂದ ಕಾಗದಕ್ಕೆ ಅಚ್ಚು ತೆಗೆಯುವುದು) ತೆಗೆದದ್ದು. ಮಾಡೆಲ್ ಆಗಿ ಕೂತವರು ಅಡ್ರಿಯಾನಸ್ ಝೌಡರ್‌ಲಾಂಡ್ ಎಂಬ ಹಿರಿಯರು. ಚರ್ಚ್ ನಡೆಸುತ್ತಿದ್ದ ವೃದ್ಧಾಶ್ರಮದಲ್ಲಿದ್ದರು. ಅಲ್ಲಿ ಅವರ ನಂಬರ್ 199. ಅಂಥವರನ್ನು ಡಚ್ ಭಾಷೆಯಲ್ಲಿ 'ವೇಸ್‌ಮನ್' ಅನ್ನುತ್ತಿದ್ದರಂತೆ, ಅಂದರೆ ಅನಾಥ ಗಂಡಸು. ಆ ಪದದ ಹತ್ತಿರ ತುಂಬ ಹೊತ್ತು ನಿಂತೆ. ಅಪ್ಪ ಅಮ್ಮ ಇಲ್ಲದ ಮಕ್ಕಳಿಗೆ ಹೇಳುವ ಮಾತನ್ನು ಬಿಳಿಕೂದಲಿನವರಿಗೆ ಹೇಳುವುದು ನೋಡಿ.

ಎಂಟು ವರ್ಷ ಕಳೆದು, ಫ್ರಾನ್ಸ್‌ನ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿದ್ದಾಗ, ಹಳೆಯ ಆ ಕಲ್ಲಚ್ಚಿನ ಚಿತ್ರವನ್ನೇ ಮತ್ತೆ ಬಣ್ಣದಲ್ಲಿ ಬರೆದ. ಅದು ಮೇ ತಿಂಗಳು. ಜುಲೈ 29ಕ್ಕೆ ತೀರಿಕೊಂಡ. ಹಾಗಾಗಿ ಇದನ್ನು ಅವನ ಸಾವಿಗೇ ಗಂಟುಹಾಕಿ ಮಾತಾಡುವವರು ಜಾಸ್ತಿ. ನನಗೆ ಅದು ಅಷ್ಟು ಹಿಡಿಸಲಿಲ್ಲ. ಇದು ಮೊದಲು ಆ ಹಿರಿಯರ ಚಿತ್ರ. ವ್ಯಾನ್ ಗೋ ಕೂಡ ಇದರಲ್ಲಿ ಬರೀ ಸಂಕಟ ಕಂಡವನಲ್ಲ. ಒಲೆ ಮುಂದೆ ಸುಮ್ನೆ ಕೂತ ಮುದುಕನಲ್ಲಿ ಅವನಿಗೆ ದೇವರ ಸುಳಿವು ಕಂಡಿತ್ತು, ಹೆಸರು ಹಾಗೆ ಬಂದದ್ದು.

ಇದೆಲ್ಲ ಅಮ್ಮನಿಗೆ ಹೇಳಿದೆ. ಅವಳಿಗೆ ಅಂಥ ಅಚ್ಚರಿಯೇನೂ ಆಗಲಿಲ್ಲ. "ಅವನು ಅಳ್ತಾ ಇಲ್ಲ ಬಿಡು, ಅಳೋರು ಮುಷ್ಟಿ ಕಟ್ಟಲ್ಲ" ಅಂದಳು. ಕಾಲಿಗೆ ಬೂಟು ಹಾಕಿಕೊಂಡೇ ಕೂತಿದ್ದಾನೆ, ಯಾರೋ ಬಂದು ಕರಕೊಂಡು ಹೋಗ್ತಾರೆ ಅಂತ ಕಾಯುವವನ ಹಾಗೆ, ಅಂತಲೂ ಅಂದಳು. ಆಮೇಲೆ, "ಇನ್ನೊಂದು ಕುರ್ಚಿನೇ ಇಲ್ಲ ನೋಡು ಅಲ್ಲಿ."

ಇಷ್ಟೆಲ್ಲ ಯಾವಾಗ ನೋಡಿದೆ ಅಂತ ಕೇಳಿದೆ. ಉತ್ತರ ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ. ನಾನು ಬೆಳಿಗ್ಗೆ ಒಂಬತ್ತಕ್ಕೆ ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪ್ ತೆರೆದರೆ ಹೊರಗೆ ಬರುವುದು ಆರಕ್ಕೆ. ನಡುವೆ ನೀರಿಗೆ ಬಂದಾಗಲೂ ಕಿವಿಯಲ್ಲಿ ಫೋನು. ಅಮ್ಮ ಹಾಲ್‌ನಲ್ಲಿ. ಎದುರಿಗೆ ಈ ಚಿತ್ರ. ಮೀಟಿಂಗ್‌ನಲ್ಲಿ ಸದ್ದು ಕೇಳುತ್ತೆ ಅಂತ ಟಿವಿ ಹಾಕಬೇಡ ಅಂದವಳೂ ನಾನೇ.

ಪ್ರಿಂಟ್ ವಿಷಯಕ್ಕೆ ಬರ್ತೀನಿ. ಮೂಲ ಚಿತ್ರದ ಪಕ್ಕದಲ್ಲಿ ನಮ್ಮದರ ಫೋಟೊ ಇಟ್ಟು ಅಂಗಡಿಯವರಿಗೆ ಬರೆದೆ. ಮೊದಲು, ಬಣ್ಣದಲ್ಲಿ ವ್ಯತ್ಯಾಸ ಸಹಜ ಅಂತ ಸಿದ್ಧ ಉತ್ತರ ಬಂತು. ಬಣ್ಣದ ಮಾತೇ ನಾನು ಎತ್ತಿರಲಿಲ್ಲ. ಮೂರನೇ ಸಲ ಬರೆದಾಗ ಯಾರೋ ನಿಜವಾಗಿ ಓದಿದರು ಅನ್ಸುತ್ತೆ. 60ಕ್ಕೆ 49ರಲ್ಲಿ ಬೇರೆ ಮಾಡಿ ಕಳಿಸಿದರು, ಹಳೆಯದನ್ನು ವಾಪಸ್ ಕೇಳಲಿಲ್ಲ. ಹೊಸದರಲ್ಲಿ ಒಲೆ ಪೂರ್ತಿ ಇದೆ, ನೆಲದ ಹಲಗೆಗಳೂ ಸ್ಪಷ್ಟ. ನೀಲಿ ಮಾತ್ರ ಸ್ವಲ್ಪ ಗಾಢವಾಯಿತು, ಸೋಫಾಗೆ ಹೊಂದುವುದಿಲ್ಲ.

ಪ್ರಿಂಟ್‌ಗೆ ನಾಲ್ಕು ಸ್ಟಾರ್, ಸೇವೆಗೆ ಎರಡು. ತರಿಸುವವರು ಮೂಲ ಚಿತ್ರದ ಅಳತೆ ನೋಡಿಕೊಂಡೇ ಫ್ರೇಮ್ ಆರಿಸಿ. ಹಿಂದಿನ ಕೊಕ್ಕೆ ಸಡಿಲ, ಎರಡು ಮೊಳೆ ಹೊಡೆಯಿರಿ. ನಮ್ಮದು ಮೊದಲು ಓರೆಯಾಗಿಯೇ ನಿಂತಿತ್ತು. ಅದನ್ನೂ ಅಮ್ಮನೇ ಹೇಳಿದ್ದು. ಕೆಲಸದ ಮೇಜನ್ನು ಹಾಲ್‌ಗೆ ಎಳೆದು ತಂದ ದಿನ ಅವಳು ಮೊದಲು ಕೇಳಿದ್ದು, "ಇನ್ನು ಟಿವಿ ಹಾಕಲೇಬಾರದಾ ಹಾಗಾದ್ರೆ?"