ಹಳೇ ಜರ್ಮನ್ ಕಾರಿನ ಮಿಸ್ಸಿಂಗ್: ಊರಿನ ಗ್ಯಾರೇಜ್, ಬೆಂಗಳೂರಿನ ವರ್ಕ್‌ಶಾಪ್, ಇಲ್ಲಾ ಡಾಂಗಲ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡಾಂಗಲ್‌ಗೆ. ಕಾರಿನ ಕಂಪ್ಯೂಟರ್ ಬರೆದಿಟ್ಟ ತೊಂದರೆಯ ಕೋಡ್‌ಗಳನ್ನು ಮೊಬೈಲಿಗೆ ಕಳಿಸುವ, 2,000 ರೂಪಾಯಿ ಆಸುಪಾಸಿನ ಒಂದು ಬ್ಲೂಟೂತ್ ಡಾಂಗಲ್, ಮೊಬೈಲಿನಲ್ಲಿ ಒಂದು ಆ್ಯಪ್, ಜೊತೆಗೆ ನಾವು ಹೇಳಿದ್ದನ್ನು ಕೇಳಿಸಿಕೊಳ್ಳುವ ಒಬ್ಬ ಮೆಕ್ಯಾನಿಕ್. ಮಿಸ್ಸಿಂಗ್ ಹೊಡೆಯುವ, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ತಪ್ಪುವ ಹಳೇ ಕಾರಿಗೆ ಮೂರು ದಾರಿ ನೋಡಿದ್ದೇನೆ. ಕಾಯಿಲೆ ಎಲ್ಲಿದೆ ಅಂತ ತೋರಿಸಿದ್ದು ಇದೊಂದೇ.

ಕಾರು 2008ರ ಜರ್ಮನ್ ಸೆಡಾನ್. ಎರಡೂವರೆ ಲೀಟರ್ ಪೆಟ್ರೋಲ್ ಇಂಜಿನ್, ಸಾಲಾಗಿ ಆರು ಸಿಲಿಂಡರ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ನಮ್ಮ ಮನೆ ಚಿಕ್ಕಮಗಳೂರು ಪೇಟೆಯಿಂದ ಮೇಲೆ, ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆ ಏರುವ ದಾರಿಯಲ್ಲಿದೆ. ಇದನ್ನು ಹೇಳಲೇಬೇಕು, ಯಾಕೆಂದರೆ ತೊಂದರೆ ಬರುತ್ತಿದ್ದದ್ದೇ ಆ ಏರಿನಲ್ಲಿ.

ಪೇಟೆಯೊಳಗೆ, ಐ.ಜಿ. ರಸ್ತೆಯಲ್ಲಿ ಓಡಿಸಿದರೆ ಕಾರು ಬೆಣ್ಣೆ. ಕಾರು ನಿಲ್ಲಿಸಿ ಇಂಜಿನ್ ಮಾತ್ರ ಸ್ಲೋ ಸ್ಪೀಡ್‌ನಲ್ಲಿ ಓಡಿಸಿ ಕೇಳಿದರೂ ಒಂದು ತಪ್ಪು ಸದ್ದಿಲ್ಲ. ಕೈಮರದಲ್ಲಿ ಏರು ಶುರುವಾಗಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಜರ್ಕ್. ಪಿಕಪ್ ಸತ್ತುಹೋಗುತ್ತದೆ. ಚೆಕ್ ಇಂಜಿನ್ ಲೈಟ್ ಮಿನುಗತೊಡಗುತ್ತದೆ. ಆ ಲೈಟ್ ಸುಮ್ನೆ ಉರಿಯುವುದು ಬೇರೆ, ಮಿನುಗುವುದು ಬೇರೆ. ಮಿನುಗುತ್ತಿದ್ದರೆ ಸಿಲಿಂಡರಿನಲ್ಲಿ ಉರಿಯಬೇಕಾದ ಪೆಟ್ರೋಲ್ ಹಸಿಯಾಗಿಯೇ ಹೊರಗೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತಿರಬಹುದು. ಆ ಬಿಸಿಗೆ ಕನ್ವರ್ಟರ್ ಒಳಗಿನ ಜಾಲರಿ ಕರಗಿದರೆ ದೊಡ್ಡ ಖರ್ಚು. ಕಾಲು ತೆಗೆದು ನಿಧಾನಕ್ಕೆ ಪಕ್ಕಕ್ಕೆ ಹಾಕಿಬಿಡಬೇಕು.

ಏರಿನಲ್ಲಿ ಮಾತ್ರ ಯಾಕೆ ಬರುತ್ತದೆ ಅನ್ನುವುದಕ್ಕೆ ಕಾರಣ ಇದೆ. ಭಾರ ಬಿದ್ದಾಗ ಸಿಲಿಂಡರಿನೊಳಗೆ ಗಾಳಿ ಜಾಸ್ತಿ ತುಂಬಿ ಒತ್ತಡ ಏರುತ್ತದೆ. ಅಷ್ಟು ಒತ್ತಡದಲ್ಲಿ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಲು ಇನ್ನೂ ಹೆಚ್ಚು ವೋಲ್ಟೇಜ್ ಬೇಕು. ಆ ವೋಲ್ಟೇಜ್ ಕೊಡುವುದು ಪ್ಲಗ್ಗಿನ ಮೇಲಿರುವ ಕಾಯಿಲ್. ಸುಸ್ತಾದ ಕಾಯಿಲ್ ಸಮತಟ್ಟಿನಲ್ಲಿ ಹೇಗೋ ಸುಧಾರಿಸುತ್ತದೆ, ಏರಿನಲ್ಲಿ ಕೈಕೊಡುತ್ತದೆ. ಕಾಯಿಲ್ ಕೆಳಗಿನ ರಬ್ಬರ್ ಬೂಟ್ ಬಿರುಕು ಬಿಟ್ಟಿದ್ದರಂತೂ ಕಿಡಿ ಪ್ಲಗ್ ಬಿಟ್ಟು ಪಕ್ಕದ ಲೋಹಕ್ಕೆ ಹಾರಿಬಿಡುತ್ತದೆ. ನಮ್ಮ ಕಡೆ ಜೂನ್‌ನಿಂದ ಮಂಜು, ಮಳೆ, ತೇವ. ತೇವ ಇದ್ದಷ್ಟೂ ಕಿಡಿಗೆ ಅಡ್ಡದಾರಿ ಸುಲಭ.

ಈಗ ಒಂದೊಂದಾಗಿ ನೋಡೋಣ. ಊರಿನ ಗ್ಯಾರೇಜ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಳ್ಳೆಯ ಹುಡುಗರು, ಕೆಲಸ ಚುರುಕು. "ಸರ್, ಮಿಸ್ಸಿಂಗ್ ಅಂದ್ರೆ ಕಾಯಿಲ್ಲು, ಪ್ಲಗ್ಗು. ಆರೂ ಚೇಂಜ್ ಮಾಡಿಬಿಡೋಣ" ಅಂದರು. ಅಗ್ಗದ ಕಾಯಿಲ್ ಆರು, ಹೊಸ ಪ್ಲಗ್ ಆರು. ಕೂಲಿ ಸೇರಿ 12,000 ಹತ್ತಿರ ಆಯಿತು. ಬಿಸಿಲು ಇರುವಷ್ಟು ದಿನ ಚೆನ್ನಾಗಿಯೇ ಓಡಿತು. ಮಳೆ ಹಿಡಿದ ಮೇಲೆ ಅದೇ ಏರು, ಅದೇ ಜರ್ಕ್. ಊಹೆ ಮಾಡಿ ಪಾರ್ಟ್ಸ್ ಹಾಕುವ ದಾರಿಯ ಕಥೆ ಇಷ್ಟೇ. ಒಂದು ಮಾತು ಮಾತ್ರ ಹೇಳಬೇಕು: ಬಿಚ್ಚಿದ ಹಳೇ ಕಾಯಿಲ್‌ಗಳನ್ನು ನಾನು ಕೇಳಿ ಮನೆಗೆ ತಂದಿದ್ದೆ. ಅದು ಮುಂದೆ ಬಹಳ ಉಪಯೋಗಕ್ಕೆ ಬಂತು.

ಬೆಂಗಳೂರಿನ ವರ್ಕ್‌ಶಾಪ್ ಬಗ್ಗೆ ಹೇಳುವುದು ಬಹಳ ಇದೆ. ಜರ್ಮನ್ ಕಾರುಗಳನ್ನೇ ನೋಡುವ ದೊಡ್ಡ ಜಾಗ. ಸ್ಕ್ಯಾನರ್ ಕಂಪನಿಯದ್ದೇ ಮಟ್ಟದ್ದು. ಸ್ಮೋಕ್ ಟೆಸ್ಟ್ ಮಾಡಿದರು. ಅಂದರೆ ಇಂಜಿನ್ ಗಾಳಿ ಎಳೆಯುವ ದಾರಿಗೆ ಹೊಗೆ ತುಂಬಿಸಿ, ಎಲ್ಲಿಂದ ಸೋರುತ್ತದೆ ಅಂತ ನೋಡುವುದು. ಒಂದು ಸಣ್ಣ ಪೈಪಿನ ಬಿರುಕು ಸಿಕ್ಕಿತು, ಹಾಕಿಕೊಟ್ಟರು. ಈ ಕೆಲಸವನ್ನು ಮನೆಯಲ್ಲಿ ಅಷ್ಟು ಚೆನ್ನಾಗಿ ಮಾಡಲು ಆಗುವುದಿಲ್ಲ, ಅವರಿಗೆ ಪೂರ್ತಿ ಅಂಕ.

ಆದರೆ ನನಗೆ ತಲೆ ಕೆಟ್ಟಿದ್ದು ಬೇರೆ ವಿಷಯಕ್ಕೆ. ಕಾರು ಒಳಗೆ ತೆಗೆದುಕೊಳ್ಳುವಾಗಲೇ ಅಲ್ಲಿನ ಹುಡುಗ ಸ್ಕ್ಯಾನರ್ ಹಾಕಿ ಇದ್ದ ಕೋಡ್‌ಗಳನ್ನೆಲ್ಲ ಅಳಿಸಿಬಿಟ್ಟ. "ಕ್ಲಿಯರ್ ಮಾಡಿ ನೋಡೋಣ ಸರ್, ಮತ್ತೆ ಬಂದ್ರೆ ಗೊತ್ತಾಗುತ್ತೆ." ಮತ್ತೆ ಹೇಗೆ ಬರುತ್ತದೆ? ಬೆಂಗಳೂರಿನ ಸಿಗ್ನಲ್‌ಗಳ ನಡುವೆ ಕೈಮರದ ಏರು ಎಲ್ಲಿಂದ ತರುವುದು?

ಕೋಡ್ ಅಳಿಸಿದರೆ ಹೋಗುವುದು ಬರೀ ಒಂದು ಸಂಖ್ಯೆ ಅಲ್ಲ. ಕೋಡ್ ಬಿದ್ದ ಆ ಗಳಿಗೆಯ ಚಿತ್ರವೊಂದನ್ನು ಕಾರಿನ ಕಂಪ್ಯೂಟರ್ ಇಟ್ಟುಕೊಂಡಿರುತ್ತದೆ. ಅದಕ್ಕೆ ಫ್ರೀಜ್ ಫ್ರೇಮ್ ಅನ್ನುತ್ತಾರೆ. ಆಗ ಆರ್‌ಪಿಎಂ ಎಷ್ಟಿತ್ತು, ವೇಗ ಎಷ್ಟಿತ್ತು, ಇಂಜಿನ್ ಎಷ್ಟು ಬಿಸಿಯಾಗಿತ್ತು, ಎಷ್ಟು ಭಾರ ಎಳೆಯುತ್ತಿತ್ತು, ಎಲ್ಲ ಅದರಲ್ಲಿ ಇರುತ್ತದೆ. ಕ್ಲಿಯರ್ ಬಟನ್ ಒತ್ತಿದರೆ ಅದೂ ಹೋಯಿತು. ನನ್ನಂಥ ಕಾಯಿಲೆ, ಅಂದರೆ ಒಂದು ರಸ್ತೆಯಲ್ಲಿ, ಒಂದು ಹವೆಯಲ್ಲಿ ಮಾತ್ರ ಬರುವ ಕಾಯಿಲೆ ಇದ್ದವರಿಗೆ ಅದೇ ಇರುವ ಒಂದೇ ಸಾಕ್ಷಿ. ಬೆಂಗಳೂರಿನವರೆಗೆ ಸುಮಾರು 245 ಕಿಲೋಮೀಟರ್ ಓಡಿಸಿಕೊಂಡು ಹೋಗಿ, ಬಾಗಿಲಲ್ಲೇ ಸಾಕ್ಷಿಯನ್ನು ಒರೆಸಿಹಾಕಿದ ಹಾಗಾಯಿತು.

ಆಮೇಲೆ ಅವರು ಟ್ರಯಲ್ ಹೊಡೆದರು. ಏನೂ ಬರಲಿಲ್ಲ. ಬರದ ತೊಂದರೆಗೆ ಔಷಧಿ ಬರೆಯಬೇಕಲ್ಲ, ಕೊಟೇಶನ್ ಕೊಟ್ಟರು: ಪೆಟ್ರೋಲ್ ಚಿಮ್ಮಿಸುವ ಆರೂ ಇಂಜೆಕ್ಟರ್, ಒಳಗೆ ಹೋಗುವ ಗಾಳಿ ಅಳೆಯುವ ಏರ್ ಫ್ಲೋ ಸೆನ್ಸರ್, ಮತ್ತೆ ಆರು ಕಾಯಿಲ್. ಮೊತ್ತ ಲಕ್ಷ ದಾಟಿತ್ತು. ಸ್ಮೋಕ್ ಟೆಸ್ಟಿನ ದುಡ್ಡು ಕಟ್ಟಿ ವಾಪಸ್ ಹೊರಟೆ. ಯಾವ ವರ್ಕ್‌ಶಾಪಿಗೆ ಹೋದರೂ ದಯವಿಟ್ಟು ಮೊದಲ ಮಾತಾಗಿ ಇದನ್ನು ಹೇಳಿ: ಕೋಡ್ ಓದಿ, ಫೋಟೋ ತೆಗೆದುಕೊಳ್ಳಿ, ಅಳಿಸಬೇಡಿ. ಜಾಬ್ ಕಾರ್ಡಿನಲ್ಲೂ ಬರೆಸಿ.

ಇನ್ನು ಡಾಂಗಲ್. ಸ್ಟೀರಿಂಗ್ ಕಡೆ ಡ್ಯಾಶ್‌ಬೋರ್ಡ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ, ಅದಕ್ಕೆ ಚುಚ್ಚಬೇಕು. ಯೂರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದಲೇ ಈ ವ್ಯವಸ್ಥೆ ಕಡ್ಡಾಯ, ಹಾಗಾಗಿ ಆ ವಯಸ್ಸಿನ ಜರ್ಮನ್ ಕಾರುಗಳಲ್ಲಿ ಚಿಂತೆ ಇಲ್ಲ. ಕೊಳ್ಳುವಾಗ ಒಂದು ಗುರುತು ನೋಡಿ. ಡಬ್ಬಿ ಮೇಲೆ ‘ಇಎಲ್‌ಎಂ327, ವರ್ಷನ್ 1.5’ ಅಂತ ಇದ್ದರೆ ಅದು ನಕಲಿ ಚಿಪ್. ಆ ಚಿಪ್ ಮಾಡಿದ ಕೆನಡಾದ ಕಂಪನಿ 1.5 ಅನ್ನುವ ವರ್ಷನ್ ಬಿಡುಗಡೆ ಮಾಡಲೇ ಇಲ್ಲ. ನಕಲಿಗಳಲ್ಲೂ ಕೆಲವು ಕೆಲಸ ಮಾಡುತ್ತವೆ, ಕೆಲವು ನಡುದಾರಿಯಲ್ಲಿ ಸಂಪರ್ಕ ಕಳೆದುಕೊಳ್ಳುತ್ತವೆ. ಇನ್ನೊಂದು ಸ್ವಲ್ಪ ದುಡ್ಡು ಹಾಕಿ ನಂಬಿಕೆಯದ್ದು ತೆಗೆದುಕೊಳ್ಳಿ.

ಮಳೆ ಬಿಟ್ಟೂ ಬಿಡದ ಒಂದು ಸಂಜೆ ಅದನ್ನು ಹಾಕಿಕೊಂಡೇ ಮನೆಗೆ ಏರಿದೆ. ಮೊಬೈಲ್ ರೆಕಾರ್ಡ್ ಮಾಡಿಕೊಳ್ಳುತ್ತಿತ್ತು. ಜರ್ಕ್ ಬಂತು, ಲೈಟ್ ಮಿನುಗಿತು, ಕಾಲು ತೆಗೆದೆ. ಮನೆ ಮುಂದೆ ನಿಲ್ಲಿಸಿ ನೋಡಿದರೆ ಎರಡು ಕೋಡ್. ಪಿ0300, ಅಂದರೆ ಅಲ್ಲಲ್ಲಿ ಮಿಸ್ ಆಗುತ್ತಿದೆ. ಪಿ0305, ಅಂದರೆ ಐದನೇ ಸಿಲಿಂಡರ್. ಕೊನೆಯ ಅಂಕಿಯೇ ಸಿಲಿಂಡರಿನ ನಂಬರು, ರೇಡಿಯೇಟರ್ ಕಡೆಯದ್ದು ನಮ್ಮ ಇಂಜಿನ್ನಿನಲ್ಲಿ ಒಂದನೆಯದು. ಕಂಪ್ಯೂಟರಿಗೆ ಇದು ಗೊತ್ತಾಗುವುದು ಕ್ರ್ಯಾಂಕ್ ತಿರುಗುವ ವೇಗದಿಂದ. ಒಂದು ಸಿಲಿಂಡರ್ ಉರಿಯದೆ ಹೋದರೆ ಆ ಸರದಿಯಲ್ಲಿ ಕ್ರ್ಯಾಂಕ್ ಒಂದು ಚೂರು ನಿಧಾನವಾಗುತ್ತದೆ, ಸೆನ್ಸರ್ ಅದನ್ನು ಹಿಡಿಯುತ್ತದೆ.

ಅದೇ ಆ್ಯಪಿನಲ್ಲಿ ಫ್ಯೂಯೆಲ್ ಟ್ರಿಮ್ ನೋಡಿದೆ. ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು, ಕಡಿಮೆ ಮಾಡಿ ಸರಿದೂಗಿಸುತ್ತಿದೆ ಅನ್ನುವ ಸಂಖ್ಯೆ. ಗಾಳಿ ಎಲ್ಲಾದರೂ ಸೋರುತ್ತಿದ್ದರೆ ಸ್ಲೋ ಸ್ಪೀಡ್‌ನಲ್ಲಿ ಈ ಸಂಖ್ಯೆ ಪ್ಲಸ್ 10, 15 ಅಂತ ಏರಿರುತ್ತದೆ, ರೇಸ್ ಮಾಡಿದರೆ ಇಳಿಯುತ್ತದೆ. ಪಂಪು, ಫಿಲ್ಟರ್ ಸೋತಿದ್ದರೆ ಭಾರ ಎಳೆಯುವಾಗ ಏರುತ್ತದೆ. ನನ್ನದು ಎರಡೂ ಕಡೆ ಸೊನ್ನೆಯ ಅಕ್ಕಪಕ್ಕವೇ ಇತ್ತು. ಅಂದರೆ ಪೆಟ್ರೋಲೂ ಸರಿ, ಗಾಳಿಯೂ ಸರಿ. ಲಕ್ಷದ ಕೊಟೇಶನ್ನಿನಲ್ಲಿದ್ದ ಏರ್ ಫ್ಲೋ ಸೆನ್ಸರಿಗೂ, ಆರು ಇಂಜೆಕ್ಟರಿಗೂ ಆಧಾರವೇ ಇಲ್ಲ ಅನ್ನುವುದು ನನಗೆ ಅಲ್ಲೇ ಗೊತ್ತಾಯಿತು. ಅವತ್ತು ಆದ ಸಮಾಧಾನ ದೊಡ್ಡದು.

ಮುಂದಿನದು ಅದಲುಬದಲು. ಐದನೇ ಕಾಯಿಲ್ ತೆಗೆದು ಎರಡಕ್ಕೆ, ಎರಡರದ್ದು ಐದಕ್ಕೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ಇಗ್ನಿಷನ್ ಆಫ್ ಮಾಡಿಯೇ ಇದನ್ನು ಮಾಡಿ. ಓಡುತ್ತಿರುವಾಗ ಕಾಯಿಲ್ ಎಳೆದರೆ ಹತ್ತಾರು ಸಾವಿರ ವೋಲ್ಟ್ ಕೈಗೆ ಬರಬಹುದು. ಈ ಕಾರಿನಲ್ಲಿ ಹಿಂದಿನ ಸಿಲಿಂಡರ್‌ಗಳು ಗಾಜಿನ ಕೆಳಗೆ ಹುದುಗಿವೆ, ಎಸಿ ಫಿಲ್ಟರ್ ಇರುವ ಪ್ಲಾಸ್ಟಿಕ್ ಡಬ್ಬಿ ಬಿಚ್ಚಬೇಕು. ಅದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಮತ್ತೆ ಏರಿಗೆ ಹೋದರೆ ಈ ಸಲ ಪಿ0302. ಕಾಯಿಲ್ ಹೋದಲ್ಲಿಗೆ ಮಿಸ್ಸಿಂಗ್ ಹೋಯಿತು. ಕಾಯಿಲ್ಲೇ ಕಳ್ಳ.

ಆದರೆ ಹೊಸ ಕಾಯಿಲ್ ಇಷ್ಟು ಬೇಗ ಹಾಳಾಗಿದ್ದು ಯಾಕೆ? ಉತ್ತರ ಅದರ ಬೂಟಿನಲ್ಲೇ ಇತ್ತು. ರಬ್ಬರ್ ಆಯಿಲ್ ಕುಡಿದು ಉಬ್ಬಿತ್ತು. ಟಾರ್ಚ್ ಬಿಟ್ಟು ನೋಡಿದರೆ ಐದನೇ ಪ್ಲಗ್ಗಿನ ಬಾವಿಯಲ್ಲಿ ಆಯಿಲ್ ನಿಂತಿತ್ತು. ಟ್ಯಾಪೆಟ್ ಕವರಿನ, ಅಂದರೆ ಇಂಜಿನ್ ಮೇಲಿನ ಮುಚ್ಚಳದ ಗ್ಯಾಸ್ಕೆಟ್ ವಯಸ್ಸಾಗಿ ಕಲ್ಲಿನಂತಾಗಿದೆ, ಅಲ್ಲಿಂದ ಇಳಿಯುತ್ತಿದೆ. ಇದನ್ನು ಬಿಟ್ಟು ಎಷ್ಟು ಕಾಯಿಲ್ ಹಾಕಿದರೂ ಅದು ಸಾಯುತ್ತಲೇ ಇರುತ್ತದೆ, ಅಲ್ವಾ?

ಗ್ಯಾಸ್ಕೆಟ್ ಕೆಲಸ ಮನೆಯಲ್ಲಿ ಬೇಡ. ಬೇಲೂರು ಮೇಲೆ ಹಾಸನಕ್ಕೆ ತೆಗೆದುಕೊಂಡು ಹೋದೆ. ಅಲ್ಲಿ ಒಬ್ಬ ಅಣ್ಣ ಒಂಟಿಯಾಗಿ ಗ್ಯಾರೇಜ್ ನಡೆಸುತ್ತಾರೆ. ಮೊಬೈಲಿನ ರೆಕಾರ್ಡ್ ತೋರಿಸಿದೆ. ಪೂರ್ತಿ ನೋಡಿ, "ಇಷ್ಟು ಕ್ಲಿಯರ್ ಆಗಿದ್ರೆ ನಂಗೂ ಕೆಲಸ ಸುಲಭ ಬಿಡಿ" ಅಂದರು. ಈ ಇಂಜಿನ್ನಿನ ಕೆಲವು ಬೋಲ್ಟ್‌ಗಳು ಅಲ್ಯೂಮಿನಿಯಂ. ಒಮ್ಮೆ ಬಿಚ್ಚಿದರೆ ಹೊಸದೇ ಹಾಕಬೇಕು, ಬಿಗಿತ ಅಳೆದು ತಿರುಗಿಸುವ ಟಾರ್ಕ್ ರೆಂಚ್ ಇಲ್ಲದೆ ಬಿಗಿಯಬಾರದು. ಅವರ ಬಳಿ ಎರಡೂ ಇತ್ತು. ನಾನು ಕೇಳದೆಯೇ ಅವರು ಬೋಲ್ಟಿನ ಮಾತು ಎತ್ತಿದಾಗಲೇ ಕೀ ಕೊಟ್ಟೆ.

ಅಲ್ಲೇ ಆ ಅಗ್ಗದ ಆರನ್ನೂ ತೆಗೆಸಿದೆ. ಚೀಲದಲ್ಲಿದ್ದ ಹಳೇ ಒರಿಜಿನಲ್ ಆರರಲ್ಲಿ ಆಯಿಲ್ ಕುಡಿದದ್ದು ಒಂದೇ. ಉಳಿದ ಐದನ್ನು ಒರೆಸಿ, ಬೂಟ್ ಪರೀಕ್ಷಿಸಿ ವಾಪಸ್ ಹಾಕಿದೆವು. ಕಮ್ಮಿ ಬಿದ್ದ ಒಂದಕ್ಕೆ ಹೊಸ ಬಾಷ್ ಕಾಯಿಲ್. ಪ್ಲಗ್‌ಗಳನ್ನು ಹಾಗೇ ಬಿಟ್ಟೆವು, ಚೆನ್ನಾಗಿದ್ದವು. ಕಾಯಿಲ್ 5,000 ಚಿಲ್ಲರೆ, ಗ್ಯಾಸ್ಕೆಟ್, ಬೋಲ್ಟ್, ಕೂಲಿ ಎಲ್ಲ ಸೇರಿ 18,000 ಹತ್ತಿರ. ಆಮೇಲೆ ಒಂದು ಪೂರ್ತಿ ಮಳೆಗಾಲ ಆ ಏರನ್ನು ಏರಿದೆ, ಲೈಟ್ ಬರಲಿಲ್ಲ. ಚಾರ್ಮಾಡಿ ಘಾಟಿಯನ್ನೂ ಮಂಗಳೂರು ಕಡೆಯಿಂದ ಹತ್ತಿಸಿ ನೋಡಿದೆ.

ಡಾಂಗಲ್‌ಗೆ ಮಿತಿಗಳಿವೆ. ಕಂಪನಿಯ ಒಳಗಿನ ಕೋಡ್‌ಗಳು ಸಾಮಾನ್ಯ ಆ್ಯಪಿನಲ್ಲಿ ಬರುವುದಿಲ್ಲ. ಏರ್‌ಬ್ಯಾಗ್, ಗೇರ್‌ಬಾಕ್ಸ್ ವಿಷಯಕ್ಕೆ ಬೇರೆ ಆ್ಯಪ್, ಇಲ್ಲಾ ಬೇರೆ ಕೇಬಲ್, ಲ್ಯಾಪ್‌ಟಾಪ್ ಬೇಕಾಗಬಹುದು. ಚುಚ್ಚಿಯೇ ಬಿಟ್ಟರೆ ಬ್ಯಾಟರಿ ಇಳಿಯುತ್ತದೆ. ಇಂಜಿನ್ ಕಂಪ್ರೆಷನ್ ಬಿದ್ದಿದ್ದರೆ ಇದು ಸಿಲಿಂಡರ್ ನಂಬರ್ ಹೇಳೀತು, ಕಾರಣ ಹೇಳದು.

ಹಾಗಾಗಿ ಫ್ಯೂಯೆಲ್ ಟ್ರಿಮ್ ಏರಿದ್ದು ಕಂಡರೆ, ಸೋರುವ ಜಾಗ ಕಣ್ಣಿಗೆ ಬೀಳದಿದ್ದರೆ, ಬೆಂಗಳೂರಿನ ಸ್ಮೋಕ್ ಟೆಸ್ಟ್ ದುಡ್ಡಿಗೆ ಮೋಸ ಇಲ್ಲ. ಪೇಟೆಯಲ್ಲೇ ಓಡಿಸುವವರಿಗೆ, ಬಾನೆಟ್ ಎತ್ತಲು ಮನಸ್ಸಿಲ್ಲದವರಿಗೆ ದೊಡ್ಡ ವರ್ಕ್‌ಶಾಪೇ ವಾಸಿ. ನಾನು ದಿನಾ ಘಾಟಿ ಹತ್ತುವವನು, ಭಾನುವಾರ ಸ್ಪ್ಯಾನರ್ ಹಿಡಿಯುವುದು ನನಗಿಷ್ಟ, ತೋಟದ ಆದಾಯದಲ್ಲಿ ಕಾರಿಗೆ ಅಂತ ಎತ್ತಿಡುವುದು ಇಷ್ಟೇ. ಹಾಸನಕ್ಕೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು, ಕಾರಿನ ಪಕ್ಕ ನಿಂತು ಕೆಲಸ ನೋಡಬಹುದು. ಈಗ ಗ್ಲೋವ್ ಬಾಕ್ಸಿನಲ್ಲಿ ಡಾಂಗಲ್, ಡಿಕ್ಕಿಯಲ್ಲಿ ಒಂದು ಸ್ಪೇರ್ ಕಾಯಿಲ್, ಕಾಯಿಲ್ ಬಿಚ್ಚಲು ಬೇಕಾದ ಸಾಕೆಟ್ ಸದಾ ಇರುತ್ತವೆ.