ಗೊಬ್ಬರವಾಗುವ ಕವರು: ಬೆಣ್ಣೆ ದೋಸೆಗೆ ಸೈ, ಮಂಡಕ್ಕಿಗೆ ಒಲ್ಲೆ

ದಾವಣಗೆರೆಯ ಮಂಡಿಪೇಟೆಯಲ್ಲಿ ‘ಪ್ಲಾಸ್ಟಿಕ್ ಬೇಡ, ಬೇರೆ ಕವರು ಕೊಡಿ’ ಎಂದರೆ ಸಾಮಾನ್ಯವಾಗಿ ಮೂರು ತರಹದ ಮಾಲು ಮುಂದೆ ಬೀಳುತ್ತದೆ. ಒಂದು, ಎಲ್ಲರೂ ‘ಬಟ್ಟೆ ಕವರು’ ಎನ್ನುವ ನಾನ್‌ವೋವನ್ ಚೀಲ. ಎರಡು, ಹಸಿರು ಎಲೆಯ ಚಿತ್ರ ಹೊತ್ತ ‘ಬಯೋ’ ಕವರು. ಮೂರು, ಕಾಂಪೋಸ್ಟಬಲ್ ಕವರು, ಅಂದರೆ ಗೊಬ್ಬರವಾಗುವಂಥದ್ದು. ನಾನ್‌ವೋವನ್ ಎಂಬುದು ಅಪ್ಪಟ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಅಂಚಿಗೆ ಬೆಂಕಿ ಹಿಡಿದರೆ ಅರಿವೆಯಂತೆ ಬೂದಿಯಾಗದೆ ಕರಗಿ ತೊಟ್ಟಿಕ್ಕುತ್ತದೆ, ಅಷ್ಟರಲ್ಲೇ ಅದರ ಬಟ್ಟೆತನ ಬಯಲು. ‘ಬಯೋ’ ಎಂದಷ್ಟೇ ಬರೆದ ಕವರಿನ ಬಗ್ಗೆ ಮುಂದೆ ಹೇಳುತ್ತೇವೆ. ಇಲ್ಲಿ ಪರಿಶೀಲಿಸುತ್ತಿರುವುದು ಮೂರನೆಯದನ್ನು. ಕವರಾಗಿ ಅದಕ್ಕೆ ಹತ್ತಕ್ಕೆ ಏಳು ಅಂಕ. ಹೆಸರಿಗೆ ತಕ್ಕಂತೆ ಗೊಬ್ಬರವಾಗುವ ವಿಷಯದಲ್ಲಿ, ನಮ್ಮ ಊರುಗಳ ಈಗಿನ ಕಸದ ದಾರಿಯನ್ನು ನೋಡಿದರೆ, ಎರಡಕ್ಕಿಂತ ಹೆಚ್ಚು ಕೊಡಲಾಗದು.

‘ಜೋಳದಿಂದ ಮಾಡಿದ್ದು ಸಾರ್’ ಎಂದು ಮಾರುವವರು ಹೇಳುವುದು ಅರ್ಧ ಸತ್ಯ. ಕವರಿಗೆ ಬಳುಕುವ ಗುಣ ಕೊಡುವುದು ಪಿಬಿಎಟಿ ಎಂಬ ಪಾಲಿಮರು (ಅಣುಗಳ ಉದ್ದ ಸರಪಳಿಯಿಂದಾದ ವಸ್ತು), ಅದರ ಕಚ್ಚಾ ಸಾಮಗ್ರಿ ಬಹುಪಾಲು ಪೆಟ್ರೋಲಿಯಂ ಮೂಲದ್ದು. ನೀರಿನ ಬಾಟಲಿಗೆ ಬಳಸುವ ಟೆರೆಫ್ತಾಲಿಕ್ ಆಮ್ಲ ಇದರಲ್ಲೂ ಇದೆ. ಇದಕ್ಕೆ ಬೆರೆಸುವ ಪಿಎಲ್‌ಎ ಎಂಬ ಇನ್ನೊಂದು ಪಾಲಿಮರು ಅಥವಾ ಪಿಷ್ಟ ಮಾತ್ರ ಮೆಕ್ಕೆಜೋಳ, ಕಬ್ಬು, ಮರಗೆಣಸಿನಂಥ ಬೆಳೆಗಳಿಂದ ಬರುತ್ತದೆ. ಮುಟ್ಟಿದರೆ ಮೆತ್ತಗೆ, ಕೊಂಚ ಅಂಟಿದಂತೆ. ಹಳೆಯ ಕವರಿನ ಚರಚರ ಸದ್ದಿಲ್ಲ.

ಕೊಳ್ಳುವಾಗ ನೋಡಬೇಕಾದ್ದು ಬಣ್ಣವನ್ನಲ್ಲ, ಅಚ್ಚನ್ನು. ‘ಕಾಂಪೋಸ್ಟಬಲ್’ ಎಂಬ ಪದ, ತಯಾರಕರ ಹೆಸರು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ಸಂಖ್ಯೆ, ಐಎಸ್/ಐಎಸ್‌ಒ 17088 ಎಂಬ ಮಾನದಂಡ ಇವಿಷ್ಟೂ ಇರಬೇಕು. ‘ಬಯೋಡಿಗ್ರೇಡಬಲ್’, ‘ಇಕೋ ಫ್ರೆಂಡ್ಲಿ’, ‘ನೂರಕ್ಕೆ ನೂರು ಹಸಿರು’ ಎಂದಷ್ಟೇ ಇದ್ದರೆ ಅದು ‘ಬಯೋ’ ಮಾಲು ಎಂದು ತಿಳಿಯಿರಿ. ಅದರಲ್ಲಿ ಲೋಹದ ಲವಣ ಬೆರೆಸಿದ ಪಾಲಿಥೀನ್ ಇರಬಹುದು. ಬಿಸಿಲಿಗೆ ಅದು ಕೊಳೆಯುವುದಿಲ್ಲ, ಚೂರುಚೂರಾಗಿ ಮಣ್ಣಿಗೆ ಸೇರುತ್ತದೆ. ಕಣ್ಣಿಗೆ ಕಾಣಲಿಲ್ಲ ಎಂದ ಮಾತ್ರಕ್ಕೆ ಹೋಯಿತೆಂದಲ್ಲ.

ಅಚ್ಚನ್ನೂ ನಕಲು ಮಾಡುವವರಿದ್ದಾರೆ. ಅದಕ್ಕೆ ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಕವರಿನಿಂದ ಬೆರಳುಗುರಿನಷ್ಟು ತುಂಡು ಕತ್ತರಿಸಿ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದ ನೀರಿನಲ್ಲಿ ಅದ್ದಿ, ಮೈಗಂಟಿದ ಗಾಳಿಗುಳ್ಳೆ ಹೋಗುವಂತೆ ಉಜ್ಜಿ ಬಿಡಿ. ಪಾಲಿಥೀನ್, ಪಾಲಿಪ್ರೊಪಿಲೀನ್ ಎರಡೂ ನೀರಿಗಿಂತ ಹಗುರ, ತೇಲುತ್ತವೆ. ಪಿಬಿಎಟಿ, ಪಿಎಲ್‌ಎ ಮಿಶ್ರಣದ ಸಾಂದ್ರತೆ ಸುಮಾರು 1.25 (ನೀರಿನದು 1), ಅದು ಮುಳುಗುತ್ತದೆ. ತೇಲಿದರೆ ಗೊಬ್ಬರದ ಕವರಲ್ಲ ಎಂಬುದು ಹೆಚ್ಚುಕಡಿಮೆ ಖಚಿತ. ಮುಳುಗಿದರೆ ಮಾತ್ರ ಪೂರ್ತಿ ನಂಬುವಂತಿಲ್ಲ, ಏಕೆಂದರೆ ಸುಣ್ಣಕಲ್ಲಿನ ಪುಡಿ ಯಥೇಚ್ಛ ತುಂಬಿದ ಪಾಲಿಥೀನೂ ಮುಳುಗಬಲ್ಲದು. ಸೋಪು ಹಾಕದೆ ಮಾಡಿದರೆ ಅಸಲಿ ಕವರೂ ತೇಲಿ ದಾರಿ ತಪ್ಪಿಸುತ್ತದೆ.

ಇದೇ ಸಾಂದ್ರತೆ ಜೇಬಿಗೂ ಹೊಡೆತ. ಕವರನ್ನು ಕೆಜಿ ಲೆಕ್ಕದಲ್ಲಿ ಕೊಳ್ಳುವ ಅಭ್ಯಾಸ ನಮ್ಮದು. 13 ಇಂಚು ಅಗಲ, 16 ಇಂಚು ಉದ್ದ, 30 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪದ ಕವರಿನ ಎರಡೂ ಪದರ ಸೇರಿ ಸುಮಾರು 8 ಘನ ಸೆಂಟಿಮೀಟರು. ಪಾಲಿಥೀನ್ ಆದರೆ ಒಂದರ ತೂಕ ಏಳೂವರೆ ಗ್ರಾಂ, ಕೆಜಿಗೆ 130ರ ಹತ್ತಿರ. ಗೊಬ್ಬರದ ಕವರಾದರೆ 10 ಗ್ರಾಂ, ಕೆಜಿಗೆ ನೂರು. ಕೆಜಿ ದರವೇ ಹೆಚ್ಚು, ಸಾಲದ್ದಕ್ಕೆ ಎಣಿಕೆಯಲ್ಲೂ ಕಾಲುಭಾಗ ಖೋತಾ. ಆದ್ದರಿಂದ ‘ಒಂದಕ್ಕೆ ಎಷ್ಟು ಬೀಳುತ್ತದೆ’ ಎಂದೇ ಕೇಳಿ. ದಪ್ಪ ಕಡಿಮೆ ಮಾಡಿ ಎಣಿಕೆ ಹೆಚ್ಚಿಸಿ ಕೊಡುವವರೂ ಇದ್ದಾರೆ. ಎರಡು ಕೆಜಿ ಅಕ್ಕಿ ತುಂಬಿ ಮೊಳೆಗೆ ರಾತ್ರಿಯಿಡೀ ತೂಗುಹಾಕಿ. ಬೆಳಿಗ್ಗೆ ಹಿಡಿಕೆ ಹಗ್ಗದಂತೆ ಸಣ್ಣಗೆ ಎಳೆದುಕೊಂಡಿದ್ದರೆ ಆ ದಪ್ಪ ತರಕಾರಿ ಅಂಗಡಿಗೆ ಸಾಲದು.

ಇನ್ನು ಬೆಣ್ಣೆ ದೋಸೆ. ಜಿಡ್ಡನ್ನು ಈ ಕವರು ಚೆನ್ನಾಗಿ ತಡೆಯುತ್ತದೆ, ಬೆಣ್ಣೆ ಹೊರಗೆ ಒಸರುವುದಿಲ್ಲ. ತೊಂದರೆ ಬಿಸಿಯದ್ದು. ಪಿಎಲ್‌ಎ 55ರಿಂದ 60 ಡಿಗ್ರಿಗೇ ಮೆತ್ತಗಾಗತೊಡಗುತ್ತದೆ. ಕಾವಲಿಯಿಂದ ಎತ್ತಿದ ದೋಸೆಯನ್ನು ನೇರ ಹಾಕಿದರೆ ಮೈಗಂಟಿ, ಎಳೆದಾಗ ಹರಿಯುತ್ತದೆ. ಮೊದಲು ಬಾಳೆ ಎಲೆ ಅಥವಾ ಮುತ್ತುಗದ ಎಲೆ, ಅದರ ಮೇಲೆ ಕವರು: ಈ ಕ್ರಮದಲ್ಲಿ ಏನೂ ತೊಂದರೆಯಿಲ್ಲ. ಎಲೆಯ ಹೊರಗೆ ಪೇಪರು ಸುತ್ತುವ ಚಾಳಿ ಬಿಡಿ, ಆಹಾರ ಪ್ಯಾಕಿಂಗಿನ 2018ರ ನಿಯಮಗಳು ಸುದ್ದಿಪತ್ರಿಕೆಯಲ್ಲಿ ತಿಂಡಿ ಕಟ್ಟುವುದನ್ನು ನಿಷೇಧಿಸಿವೆ. ತಣ್ಣನೆಯ ಕಾಯಿ ಚಟ್ನಿಗೆ ಪುಟ್ಟ ಕವರು ಸಾಕು. ಕುದಿಯುವ ಸಾಂಬಾರಿಗೆ ಖಂಡಿತ ಬೇಡ, ತಳದ ಬೆಸುಗೆಯೇ ಮೊದಲು ಬಿಡುವುದು. ಅದಕ್ಕೆ ಗಿರಾಕಿ ತರುವ ಸ್ಟೀಲ್ ಡಬ್ಬಿಯೇ ಸರಿ. ಡಬ್ಬಿ ತಂದವರಿಗೆ ಒಂದೆರಡು ರೂಪಾಯಿ ಬಿಟ್ಟರೂ ಹೋಟೆಲಿಗೆ ನಷ್ಟವಿಲ್ಲ, ಕವರಿನ ಖರ್ಚು ಉಳಿಯುತ್ತದಲ್ಲ. ಬಿಸಿ ಮತ್ತು ಪ್ಲಾಸ್ಟಿಕ್ಕಿನ ಸಂಗವನ್ನು ಆರೋಗ್ಯ ಇಲಾಖೆಯೂ ಈಗ ಕಣ್ಣಿಟ್ಟು ನೋಡುತ್ತಿದೆ. ಇಡ್ಲಿ ಬೇಯಿಸಲು ತಟ್ಟೆಗೆ ಅರಿವೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದನ್ನು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ತಡೆಯಲು ಹೊರಟದ್ದು ನೆನಪಿರಲಿ.

ಮಂಡಕ್ಕಿಗೆ ಈ ಕವರು ಸೋತಿತು ಎಂದೇ ಹೇಳಬೇಕು. ಪಿಬಿಎಟಿ ಮಿಶ್ರಣದ ಹಾಳೆ ಪಾಲಿಥೀನಿಗಿಂತ ಹಲವು ಪಟ್ಟು ಹೆಚ್ಚು ನೀರಾವಿಯನ್ನು ಒಳಗೆ ಬಿಡುತ್ತದೆ. ಮಳೆಗಾಲದಲ್ಲಿ ಭಟ್ಟಿಯಿಂದ ಬಂದ ಗರಿಗರಿ ಮಂಡಕ್ಕಿಯನ್ನು ಇದರಲ್ಲಿ ಕಟ್ಟಿಟ್ಟರೆ ಬೆಳಗಾಗುವಷ್ಟರಲ್ಲಿ ಮೆತ್ತಗಾಗಿರುತ್ತದೆ. ನರ್ಗೀಸ್ ಮಂಡಕ್ಕಿ, ಖಾರ, ಚಕ್ಕುಲಿ, ಯಾವುದಕ್ಕೂ ಇದೇ ಗತಿ. ಅಲ್ಲೇ ಕೂತು ತಿನ್ನುವವರಿಗೆ ಕಾಗದದ ಪೊಟ್ಟಣ, ಮನೆಗೆ ಒಯ್ಯುವವರಿಗೆ ಅವರದೇ ಡಬ್ಬಿ. ಈ ಉಸಿರಾಡುವ ಗುಣವೇ ಸೊಪ್ಪಿಗೆ ವರ, ಕೊತ್ತಂಬರಿ, ಮೆಂತ್ಯ ಬೆವೆತು ಕೊಳೆಯುವುದು ಕಡಿಮೆ.

ದಾಸ್ತಾನು ಮಾಡುವವರಿಗೆ ಒಂದು ಎಚ್ಚರಿಕೆ. ಬೇಸಗೆಯಲ್ಲಿ ನಮ್ಮ ಕಡೆ ತಗಡಿನ ಗೋದಾಮು ಒಲೆಯಂತೆ ಕಾಯುತ್ತದೆ. ಬಿಸಿ, ತೇವ ಎರಡೂ ಸೇರಿದರೆ ಈ ಪಾಲಿಮರಿನ ಸರಪಳಿ ಕವರು ಬಳಸುವ ಮೊದಲೇ ಕಡಿಯತೊಡಗುತ್ತದೆ. ಮಡಿಕೆಯ ಗೆರೆಯುದ್ದಕ್ಕೂ ಹರಿದರೆ ಕಾರಣ ಅದೇ. ತಯಾರಾದ ತಿಂಗಳು ನೋಡಿ, ಆರು ತಿಂಗಳಿಗೆ ಬೇಕಾದಷ್ಟೇ ತನ್ನಿ, ನೆಲದಿಂದ ಎತ್ತರದಲ್ಲಿ, ಬಿಸಿಲು ಬೀಳದ ಗೋಡೆಗೆ ಇಡಿ. ಮೊದಲು ಬಂದ ಕಟ್ಟು ಮೊದಲು ಖರ್ಚಾಗಲಿ.

ಈಗ ಎರಡು ಅಂಕದ ಮಾತು. ಐಎಸ್‌ಒ 17088ರ ಪರೀಕ್ಷೆ ನಡೆಯುವುದು 58 ಡಿಗ್ರಿ ಬಿಸಿಯ ಗೊಬ್ಬರದಲ್ಲಿ. ಅಲ್ಲಿ 12 ವಾರದ ನಂತರ 2 ಮಿಲಿಮೀಟರಿನ ಜರಡಿಯಲ್ಲಿ ಉಳಿಯುವುದು ಒಣ ತೂಕದ ಶೇ. 10ನ್ನು ಮೀರಬಾರದು, 180 ದಿನದೊಳಗೆ ಇಂಗಾಲದ ಶೇ. 90 ಭಾಗ ಕಾರ್ಬನ್ ಡೈಆಕ್ಸೈಡ್ ಆಗಬೇಕು. ನಮ್ಮ ತಿಪ್ಪೆಯ ಮೇಲ್ಪದರ ಈ ಬಿಸಿ ಮುಟ್ಟುವುದಿಲ್ಲ, ಚರಂಡಿ ಮುಟ್ಟುವುದಿಲ್ಲ, ದನದ ಹೊಟ್ಟೆಯೂ ಮುಟ್ಟುವುದಿಲ್ಲ. ಅಲ್ಲಿರುವುದು 39 ಡಿಗ್ರಿ. ದನ ತಿಂದರೂ ಕರಗಿ ಹೋಗುತ್ತದೆ ಎಂದು ಮಾರುವವರು ಹೇಳಿದರೆ ನಂಬಬೇಡಿ. ಕಸದ ಗಾಡಿಯಲ್ಲಿ ಇನ್ನೊಂದು ಗೋಜಲು. ಹಸಿ ಕಸಕ್ಕೆ ಹಾಕಿದರೆ ಪೌರಕಾರ್ಮಿಕರು ಪ್ಲಾಸ್ಟಿಕ್ಕೆಂದು ಹೆಕ್ಕಿ ಹೊರಗೆಸೆಯುತ್ತಾರೆ, ಅವರಿಗೆ ಗುರುತು ಸಿಗುವುದಾದರೂ ಹೇಗೆ? ಒಣ ಕಸಕ್ಕೆ ಹಾಕಿದರೆ ಮರುಬಳಕೆಗೆ ಹೋಗುವ ಪಾಲಿಥೀನಿನಲ್ಲಿ ಬೆರೆತು ಅದರ ಗುಣವನ್ನೂ ಕೆಡಿಸುತ್ತದೆ.

ಕಲ್ಯಾಣ ಮಂಟಪ, ಹಾಸ್ಟೆಲುಗಳಿಗೆ ಮಾತ್ರ ಇದು ದಕ್ಕಬಹುದು, ಏಕೆಂದರೆ ಎಂಜಲು ಅಲ್ಲೇ ರಾಶಿ ಬೀಳುತ್ತದೆ. ರಾಶಿ ಉದ್ದ, ಅಗಲ, ಎತ್ತರ ಮೂರರಲ್ಲೂ ಕನಿಷ್ಠ ಒಂದು ಮೀಟರು ಇರಬೇಕು, ಅದಕ್ಕಿಂತ ಚಿಕ್ಕದರಲ್ಲಿ ಬಿಸಿ ನಿಲ್ಲದು. ಒಂದು ಪಾಲು ಎಂಜಲಿಗೆ ಎರಡು ಮೂರು ಪಾಲು ಒಣ ಎಲೆ ಅಥವಾ ಮರದ ಹೊಟ್ಟು. ಹಿಡಿ ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ಹನಿ ಮೂಡಬೇಕು, ಸುರಿಯಬಾರದು. ಕವರನ್ನು ಹರಿದು ನಡುವೆ ಹೂಳಿ. ಉದ್ದ ಕಡ್ಡಿಯ ಥರ್ಮಾಮೀಟರು 55 ದಾಟಿದ ಮೇಲೆ, ಇಳಿಯತೊಡಗಿದಾಗಲೆಲ್ಲ ಮಗುಚಿ. ಹುಳಿ ವಾಸನೆ ಬಂದರೆ ನೀರು ಜಾಸ್ತಿಯಾಗಿದೆ, ಒಣ ಎಲೆ ಸೇರಿಸಿ. ಬಿಸಿಯೇ ಏರದಿದ್ದರೆ ಒಂದೋ ತೇವ ಸಾಲದು, ಇಲ್ಲವೇ ಎಂಜಲು ಸಾಲದು.

‘ಜಗತ್ತಿನ ಒಪ್ಪಂದ ಬರಲಿ, ಆಮೇಲೆ ನೋಡೋಣ’ ಎನ್ನುವ ವ್ಯಾಪಾರಿಗಳಿಗೆ ಆ ಒಪ್ಪಂದದ ಸ್ಥಿತಿ ಗೊತ್ತಿರಬೇಕು. ಪ್ಲಾಸ್ಟಿಕ್ ಮಾಲಿನ್ಯ ಕೊನೆಗಾಣಿಸಲು ಕಟ್ಟುನಿಟ್ಟಿನ ಒಪ್ಪಂದವನ್ನು 2024ರ ಕೊನೆಗೆ ಸಿದ್ಧಪಡಿಸಬೇಕೆಂದು ವಿಶ್ವಸಂಸ್ಥೆಯ ಪರಿಸರ ಸಭೆ ನೈರೋಬಿಯಲ್ಲಿ 2022ರ ಮಾರ್ಚಿನಲ್ಲಿ ನಿರ್ಣಯಿಸಿತು. ಮಾತುಕತೆ ಪುಂಟಾ ಡೆಲ್ ಎಸ್ಟೆ, ಪ್ಯಾರಿಸ್, ನೈರೋಬಿ, ಒಟ್ಟಾವ ಸುತ್ತಿ ದಕ್ಷಿಣ ಕೊರಿಯಾದ ಬೂಸಾನಿಗೆ ಬಂದಾಗ ಗಡುವು ಮುಗಿಯಿತು. ದೇಶಗಳ ಪ್ರತಿನಿಧಿಗಳು 2025ರ ಆಗಸ್ಟಿನಲ್ಲಿ ಜಿನೀವಾದಲ್ಲಿ ಕೂತು, 15ರ ಬೆಳಿಗ್ಗೆ ಬರಿಗೈಯಲ್ಲಿ ಎದ್ದರು. ಗಂಟು ಇರುವುದು ಕರಡಿನ 6ನೇ ವಿಧಿಯಲ್ಲಿ: ಹೊಸ ಪ್ಲಾಸ್ಟಿಕ್ಕಿನ ಉತ್ಪಾದನೆಗೇ ಮಿತಿ ಹಾಕಬೇಕೋ, ಕಸ ನಿಭಾಯಿಸಿದರೆ ಸಾಕೋ? ಬೂಸಾನಿನಲ್ಲಿ ಪನಾಮ ಮುಂದಿಟ್ಟ ಮಿತಿಯ ಪ್ರಸ್ತಾಪಕ್ಕೆ ನೂರಕ್ಕೂ ಹೆಚ್ಚು ದೇಶಗಳು ಕೈಜೋಡಿಸಿದವು. ಸೌದಿ ಅರೇಬಿಯಾ, ರಷ್ಯಾದಂಥ ತೈಲ ದೇಶಗಳು ಒಪ್ಪಲಿಲ್ಲ. ಭಾರತವೂ ಉತ್ಪಾದನಾ ಮಿತಿ ಬೇಡ, ಎಲ್ಲ ತೀರ್ಮಾನ ಒಮ್ಮತದಿಂದಲೇ ಆಗಲಿ ಎಂಬ ನಿಲುವಿನಲ್ಲಿದೆ. ಒಮ್ಮತವೇ ನಿಯಮವಾದರೆ ಒಬ್ಬರು ಬೇಡವೆಂದರೂ ಗಾಡಿ ನಿಲ್ಲುತ್ತದೆ.

ಒಪ್ಪಂದ ನಾಳೆ ಸಹಿಯಾದರೂ ಅಂಗಡಿಯವರ ಪಾಲಿಗೆ ನಿಷೇಧದ ಪಟ್ಟಿ ಬಹಳ ಬದಲಾಗದು. ಸ್ಟ್ರಾ, ಪ್ಲಾಸ್ಟಿಕ್ ಕಡ್ಡಿಯ ಕಿವಿಬತ್ತಿ, ಚಮಚ, ತಟ್ಟೆಗಳು ದೇಶದಲ್ಲಿ 2022ರ ಜುಲೈ 1ರಿಂದಲೇ ನಿಷಿದ್ಧ. ಕೇಂದ್ರದ ನಿಯಮದಲ್ಲಿ ಕೈಚೀಲಕ್ಕೆ ಕನಿಷ್ಠ 120 ಮೈಕ್ರಾನ್ ದಪ್ಪ ಇರಬೇಕೆಂಬ ಮಿತಿ ಇದ್ದರೆ, ಕರ್ನಾಟಕದ 2016ರ ಮಾರ್ಚ್ 11ರ ಅಧಿಸೂಚನೆ ದಪ್ಪ ಎಷ್ಟೇ ಇರಲಿ ಪ್ಲಾಸ್ಟಿಕ್ ಕೈಚೀಲವನ್ನೇ ತಡೆದಿದೆ. ‘ಇದು 120 ಮೈಕ್ರಾನ್, ನಡೆಯುತ್ತದೆ’ ಎಂಬ ಸಗಟು ವ್ಯಾಪಾರಿಯ ಮಾತು ಇಲ್ಲಿ ದಂಡದಿಂದ ಕಾಯುವುದಿಲ್ಲ. ಬದಲಾಗಬಹುದಾದ್ದು ಬೆಲೆ. ಹೊಸ ಪಾಲಿಥೀನಿಗೆ ಮಿತಿ ಬಿದ್ದರೆ ಅದು ತುಟ್ಟಿಯಾಗಿ ಅರಿವೆ, ಎಲೆ, ಕಾಗದಗಳ ಜೊತೆಗಿನ ಅಂತರ ತಗ್ಗುತ್ತದೆ. ಪಿಬಿಎಟಿ ತಾನೂ ಪೆಟ್ರೋಲಿಯಂ ಪಾಲಿಮರೇ ಆದ್ದರಿಂದ ಅದು ಮಿತಿಯ ಹೊರಗೆ ಉಳಿಯುತ್ತದೆಂದು ಲೆಕ್ಕ ಹಾಕಿ ಯಂತ್ರಕ್ಕೆ ಸಾಲ ಮಾಡುವುದು ನಮ್ಮ ಪ್ರಕಾರ ದುಡುಕು.

ಉಳಿದವುಗಳ ಬಗ್ಗೆ ಚುಟುಕಾಗಿ. ಚನ್ನಗಿರಿ ಕಡೆಯ ಅಡಿಕೆ ಹಾಳೆ ತಟ್ಟೆ ಬಿಸಿಗೆ ಗಟ್ಟಿ, ಕೈಗೆ ಚೆಂದ. ಆದರೆ ಅಡಿಕೆಯ ಆಲ್ಕಲಾಯ್ಡು ಎಂಬ ರಾಸಾಯನಿಕಗಳು ಆಹಾರಕ್ಕೆ ಸೇರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಎಚ್ಚರಿಸಿದೆ, ರಫ್ತು ಮಾಡುವವರು ಗಮನಿಸಲಿ. ಕಾಗದದ ಚಹಾ ಕಪ್ಪಿನ ಒಳಮೈ ಬಹುಮಟ್ಟಿಗೆ ಪಾಲಿಥೀನ್ ಲೇಪನ, ಗಾಜಿನ ಲೋಟವೇ ಲೇಸು. ಹತ್ತಿ ಬಟ್ಟೆಯ ಕೈಚೀಲ ಎಲ್ಲಕ್ಕಿಂತ ಬಾಳಿಕೆಯದು, ಆದರೆ ಜವಳಿ ಅಂಗಡಿಗಳು ಪ್ರತಿ ಸಲ ಹೊಸದೊಂದನ್ನು ಪುಕ್ಕಟೆ ಹಂಚುವುದು ಅನರ್ಥ. ತೆಳು ಪ್ಲಾಸ್ಟಿಕ್ ಕವರನ್ನು ಒಂದೇ ಸಲ ಬಳಸಿ ಎಸೆದದ್ದಕ್ಕೆ ತಾಪಮಾನ ಏರಿಕೆಯ ಲೆಕ್ಕದಲ್ಲಿ ಸಮವಾಗಲು ಹತ್ತಿ ಚೀಲವನ್ನು 131 ಬಾರಿ ಬಳಸಬೇಕೆಂದು ಬ್ರಿಟನ್ನಿನ ಪರಿಸರ ಸಂಸ್ಥೆಯ 2011ರ ಅಧ್ಯಯನ ಹೇಳುತ್ತದೆ. ಮಾರಿ, ಬೆಲೆ ಕಟ್ಟಿ. ಆಗ ಗಿರಾಕಿ ಅದನ್ನು ಮರೆಯದೆ ಮತ್ತೆ ತರುತ್ತಾರೆ.

ಗೊಬ್ಬರದ ಕವರನ್ನೇ ಕೊಳ್ಳುವುದಾದರೆ ಚೀಟಿ ವ್ಯವಹಾರ ಬೇಡ. ಜಿಎಸ್‌ಟಿ ಬಿಲ್ಲು ಪಡೆಯಿರಿ, ಅದರ ಮೇಲೆ ‘ಕಾಂಪೋಸ್ಟಬಲ್’ ಎಂದೂ ತಯಾರಕರ ಪ್ರಮಾಣಪತ್ರದ ಸಂಖ್ಯೆಯನ್ನೂ ಬರೆಸಿಕೊಳ್ಳಿ, ಪ್ರಮಾಣಪತ್ರದ ಪ್ರತಿಯನ್ನು ಗಲ್ಲಾಪೆಟ್ಟಿಗೆಯಲ್ಲೇ ಇಡಿ. ಆ ಸಂಖ್ಯೆ ಕೇಂದ್ರ ಮಂಡಳಿಯ ಪಟ್ಟಿಯಲ್ಲಿರುವ ಹೆಸರಿಗೆ ಹೊಂದದಿದ್ದರೆ ಮಾಲನ್ನು ಅಂದೇ ವಾಪಸು ಮಾಡಿ. ತಪಾಸಣೆಗೆ ಬಂದವರು ಸಗಟು ಅಂಗಡಿಯನ್ನಲ್ಲ, ಕವರು ಕೈಗಿತ್ತವರನ್ನು ಮೊದಲು ಹಿಡಿಯುತ್ತಾರೆ.