ಮೂರು ಕೆಂಪು ಪಟ್ಟಿಗಳು ಮತ್ತು ಬಿಟ್ಟುಹೋದ ಸಾಲುಗಳು

ಅಮೆರಿಕದ ಕಲಾವಿದೆ ಬಾರ್ಬರಾ ಕ್ರೂಗರ್ 1989ರಲ್ಲಿ ರಚಿಸಿದ ‘ನಿನ್ನ ದೇಹ ರಣರಂಗ’ ಎಂಬ ಚಿತ್ರದ ಎರಡು ಅಡಿ ಚೌಕದ ಮುದ್ರಿತ ಪ್ರತಿಯನ್ನು ಆನ್‌ಲೈನ್ ಮಳಿಗೆಯೊಂದರಿಂದ ತರಿಸಿ, ಕಟ್ಟು ಹಾಕಿಸಿ, ಲಾಸ್ ಏಂಜಲೀಸ್‌ನ ನಮ್ಮ ಮನೆಯಲ್ಲಿ ತೂಗುಹಾಕಿ ನಾಲ್ಕು ತಿಂಗಳಾಯಿತು. ಮಳಿಗೆಯ ಹೆಸರನ್ನು ಹೇಳುವುದಿಲ್ಲ. ಇಂಥ ಪ್ರತಿಗಳನ್ನು ಮಾರುವವರು ಅನೇಕರಿರುವುದರಿಂದ, ಕೊಳ್ಳುವ ಮುನ್ನ ಏನನ್ನು ನೋಡಬೇಕೆಂದು ತಿಳಿಸುವುದಷ್ಟೇ ನನ್ನ ಉದ್ದೇಶ.

ಕಾಗದ ದಪ್ಪನಾಗಿದೆ, ಹೊಳಪಿಲ್ಲದ್ದರಿಂದ ಕಿಟಕಿಯ ಬೆಳಕು ಬಿದ್ದರೂ ಕಣ್ಣಿಗೆ ರಾಚುವುದಿಲ್ಲ. ಕೊಳವೆಯಲ್ಲಿ ಸುತ್ತಿ ಕಳುಹಿಸಿದ್ದರಿಂದ ಸುರುಳಿಯಾಗಿದ್ದ ಅಂಚುಗಳು ಎರಡು ದಿನ ಭಾರದ ಪುಸ್ತಕಗಳ ಅಡಿಯಲ್ಲಿಟ್ಟ ಮೇಲೆ ಸರಿಹೋದವು. ಬಣ್ಣ ಮಾತ್ರ ಕೈಕೊಟ್ಟಿದೆ. ನೆಟ್ಟ ನೋಟದ ಹೆಣ್ಣಿನ ಮುಖವೊಂದು ನಡುವೆ ಉದ್ದಕ್ಕೆ ಸೀಳಿಹೋಗಿ, ಅರ್ಧ ಸಹಜ ಛಾಯಾಚಿತ್ರವಾಗಿ, ಇನ್ನರ್ಧ ಅದರ ನೆಗೆಟಿವ್ ಆಗಿ ಕಾಣುವುದೇ ಈ ಚಿತ್ರದ ಜೀವಾಳ. ನನ್ನ ಪ್ರತಿಯ ನೆಗೆಟಿವ್ ಭಾಗದಲ್ಲಿ ಕಪ್ಪಿನ ಛಾಯೆಗಳೆಲ್ಲ ಒಂದರೊಳಗೊಂದು ಕಲಸಿಹೋಗಿ, ಆ ಕಡೆಯ ಕಣ್ಣು ಮಸಿಯ ಮಚ್ಚೆಯಂತಾಗಿದೆ. ಮುಖದ ಮೇಲೆ ಅಡ್ಡಲಾಗಿರುವ, ಬಿಳಿ ಅಕ್ಷರಗಳ ಮೂರು ಪಟ್ಟಿಗಳ ಕೆಂಪು ಇಟ್ಟಿಗೆಯ ಬಣ್ಣಕ್ಕೆ ಇಳಿದಿದೆ.

ಇದೇ ನಗರದ ಬ್ರಾಡ್ ವಸ್ತುಸಂಗ್ರಹಾಲಯದಲ್ಲಿ, ವಿನೈಲ್ ಮೇಲೆ ಮುದ್ರಿಸಿದ, ಒಂಬತ್ತು ಅಡಿಗೂ ಮಿಕ್ಕಿದ ಮೂಲ ಚಿತ್ರದ ಮುಂದೆ ನಿಂತು ಬಂದಿದ್ದ ನನಗೆ ಈ ಕೊರತೆ ತಟ್ಟನೆ ಕಂಡಿತು. ಅಲ್ಲಿನ ಸಾಮಾನ್ಯ ಪ್ರವೇಶ ಉಚಿತ. ಚಿತ್ರ ಪ್ರದರ್ಶನದಲ್ಲಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು, ಸಾಧ್ಯವಿದ್ದವರು ನೋಡಿ ಬರಬೇಕು.

ಆದರೆ ಬಣ್ಣಕ್ಕಿಂತ ನನ್ನನ್ನು ಹೆಚ್ಚು ನೋಯಿಸಿದ್ದು ಬೇರೆ. ಈ ಚಿತ್ರ ಹುಟ್ಟಿದ್ದು ಬೀದಿಯ ಭಿತ್ತಿಪತ್ರಕ್ಕಾಗಿ. ಗರ್ಭಪಾತದ ಹಕ್ಕನ್ನು 1973ರಲ್ಲಿ ಎತ್ತಿಹಿಡಿದಿದ್ದ, ಅಮೆರಿಕದ ಸುಪ್ರೀಂ ಕೋರ್ಟಿನ ರೋ ತೀರ್ಪು ಬಿದ್ದುಹೋದೀತೆಂಬ ಆತಂಕ 1989ರಲ್ಲಿ ಹರಡಿದಾಗ, ಏಪ್ರಿಲ್ 9ರಂದು ವಾಷಿಂಗ್ಟನ್ನಿನಲ್ಲಿ ನಡೆಯಲಿದ್ದ ಮೆರವಣಿಗೆಗೆ ಜನರನ್ನು ಕರೆಯಲು ಕ್ರೂಗರ್ ಅದನ್ನು ಸಿದ್ಧಪಡಿಸಿದರು. ಏಪ್ರಿಲ್ 26ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ಉರುಳಿಸಬಹುದಾದ ಪ್ರಕರಣವೊಂದನ್ನು ಆಲಿಸಲಿದೆ, ಬೆಳಿಗ್ಗೆ ಹತ್ತಕ್ಕೆ ಶ್ವೇತಭವನದ ಬಳಿ ಸೇರಿರಿ ಎಂಬ ವಿವರಗಳೆಲ್ಲ ಅದರಲ್ಲಿದ್ದವು. ಕ್ರೂಗರ್ ಗ್ಯಾಲರಿಗೆಂದು ಮಾಡಿದ ರೂಪದಲ್ಲಿ ಅವಿಲ್ಲವೆಂಬುದು ನಿಜ. ಆದರೆ ನನ್ನ ಮಳಿಗೆ ‘ಮೂಲ ಭಿತ್ತಿಪತ್ರದ ಪ್ರತಿ’ ಎಂದು ಹೇಳಿಯೇ ಮಾರಿತ್ತು. ತಾರೀಖೂ ಇಲ್ಲ, ಸ್ಥಳವೂ ಇಲ್ಲ, ಕಲಾವಿದೆಯ ಅನುಮತಿಯ ಬಗ್ಗೆ ಒಂದಕ್ಷರವೂ ಇಲ್ಲ. ಬರೆದು ಕೇಳಿದರೆ, ಕೋಣೆಯ ಅಲಂಕಾರಕ್ಕೆ ಸಣ್ಣ ಅಕ್ಷರಗಳು ಒಪ್ಪುವುದಿಲ್ಲವೆಂಬ ಉತ್ತರ ಬಂತು.

ಒಪ್ಪುವುದಿಲ್ಲವೇ? ಆ ಸಣ್ಣ ಅಕ್ಷರಗಳಿಂದಲೇ ಈ ಚಿತ್ರ ಮತ್ತೆ ಮತ್ತೆ ಬೀದಿಗೆ ಬರುವಷ್ಟು ಗಟ್ಟಿಯಾಯಿತು ಎಂದು ನಾನು ನಂಬಿದ್ದೇನೆ. 1990ರಲ್ಲಿ ಒಹಾಯೊದ ಕೊಲಂಬಸ್‌ನಲ್ಲಿ ಇದನ್ನು ದೊಡ್ಡ ಜಾಹೀರಾತು ಫಲಕವಾಗಿ ನಿಲ್ಲಿಸಿದಾಗ, ಗರ್ಭಪಾತವನ್ನು ವಿರೋಧಿಸುವವರು ಎಂಟು ವಾರದ ಭ್ರೂಣದ ಚಿತ್ರವಿದ್ದ ಫಲಕವನ್ನು ಅದರ ಮಗ್ಗುಲಲ್ಲೇ ನಿಲ್ಲಿಸಿದರು. ಪೋಲೆಂಡ್‌ನಲ್ಲಿ 1991ರಲ್ಲಿ ಅಲ್ಲಿನ ಭಾಷೆಯಲ್ಲೇ ಇದು ಗೋಡೆ ಏರಿತು. 2020ರ ಅಕ್ಟೋಬರ್‌ನಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಮಂಡಳಿ ಗರ್ಭಪಾತವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ನಿಷೇಧಿಸಿತು. 2022ರ ಜೂನ್ 24ರಂದು ಅಮೆರಿಕದಲ್ಲೂ, 1989ರ ಭಿತ್ತಿಪತ್ರ ಹೆದರಿದ್ದಂತೆಯೇ, 49 ವರ್ಷ ಬಾಳಿದ್ದ ರೋ ತೀರ್ಪು ರದ್ದಾಯಿತು.

ಬೆಳಗಾವಿಯಿಂದ ಬಂದಿದ್ದ ಅಮ್ಮ ಚಿತ್ರದ ಮುಂದೆ ನಿಂತು, ಏನು ಬರೆದಿದೆ ಎಂದು ಕೇಳಿದರು. ‘ನಿಮ್ಮ ದೇಹ’ ಎನ್ನಲೋ ‘ನಿನ್ನ ದೇಹ’ ಎನ್ನಲೋ ಎಂದು ತಡವರಿಸಿ, ಕೊನೆಗೆ ‘ನಿನ್ನ’ ಎಂದೆ. ಗೋಡೆಯ ಮೇಲಿನ ಆ ಹೆಣ್ಣು ಇನ್ನೊಬ್ಬ ಹೆಣ್ಣಿಗೆ ಹೇಳುವ ಮಾತಿಗೆ ಬಹುವಚನದ ದೂರ ಸಲ್ಲದೆನಿಸಿತು. ಅಮ್ಮ ತುಸು ಹೊತ್ತು ಸುಮ್ಮನಿದ್ದು, “ನಮ್ಮ ಸವಿತಾನ ಚಿತ್ರಾನೂ ಹಿಂಗ ಗ್ವಾಡಿ ಮ್ಯಾಲ ಬರದಿದ್ರಲ್ಲ” ಎಂದರು. ಬೆಳಗಾವಿಯ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡ್‌ನ ಗಾಲ್ವೇಯಲ್ಲಿ, 17 ವಾರದ ಗರ್ಭ ಜಾರುತ್ತಿದ್ದಾಗಲೂ ಕೇಳಿದ ಗರ್ಭಪಾತ ಸಿಗದೆ, ನಂಜೇರಿ ತೀರಿಕೊಂಡರು. 2018ರ ಮೇ ತಿಂಗಳಲ್ಲಿ ಅಲ್ಲಿನ ಗರ್ಭಪಾತ ನಿಷೇಧದ ಬಗ್ಗೆ ಜನಮತಗಣನೆ ನಡೆದಾಗ ಡಬ್ಲಿನ್ನಿನ ಗೋಡೆಯೊಂದರ ಮೇಲೆ ಬರೆದಿದ್ದ ಅವರ ಮುಖದ ಸುತ್ತ ಜನ ಪುಟ್ಟ ಪುಟ್ಟ ಚೀಟಿಗಳನ್ನು ಅಂಟಿಸುತ್ತಾ ಹೋದರು, ಶೇ 66.4ರಷ್ಟು ಮತ ನಿಷೇಧವನ್ನು ತೆಗೆಯುವ ಪರವಾಗಿ ಬಿತ್ತು.

ಪ್ರತಿಯನ್ನು ಹಿಂದಿರುಗಿಸಲಿಲ್ಲ. ಕೊಳ್ಳುವವರು ಅನುಮತಿ ಪಡೆದ ಮುದ್ರಣವೇ ಎಂದು ಮೊದಲು ಕೇಳಿ. ಮೂಲ ಭಿತ್ತಿಪತ್ರವೆಂದು ಹೇಳಿದರೆ ಆ ಸಣ್ಣ ಅಕ್ಷರಗಳಿರುವ ಫೋಟೊ ತರಿಸಿ ನೋಡಿ. ನಾನು ಏಪ್ರಿಲ್ 9ರ ಆ ಕರೆಯನ್ನು ಬಿಳಿ ಹಾಳೆಯ ಮೇಲೆ ಟೈಪು ಮಾಡಿ ಕಟ್ಟಿನ ಕೆಳಗೆ ಅಂಟಿಸಿದ್ದೇನೆ. ಅದರ ಪಕ್ಕದಲ್ಲಿ ಅಮ್ಮ ಕನ್ನಡದಲ್ಲಿ ಬರೆದಿಟ್ಟ ಒಂದು ಚೀಟಿಯೂ ಇದೆ.